ರಾಣಿಯ ಬೆರಳು

ಸಕಲೇಶಪುರ ಎಂಬ ಹೆಸರನ್ನು ಬಿಡಿಸಿ ಹೇಳಿ ಎಂದರೆ ನಮ್ಮ ಊರಿನ ಹತ್ತು ಜನರಲ್ಲಿ ಒಂಬತ್ತು ಮಂದಿ ‘ಸಕಲ ಐಶ್ವರ್ಯವೂ ಇರುವ ಊರು’ ಎಂದುಬಿಡುತ್ತಾರೆ. ಕಾಫಿ, ಏಲಕ್ಕಿ, ಮೆಣಸು ಬೆಳೆಯುವ ಸೀಮೆಯವರಿಗೆ ಹಾಗನ್ನಿಸಿದರೆ ತಪ್ಪೇನಿಲ್ಲ. ಆದರೆ ಹಳಬರು ಹೇಳುವ ಅರ್ಥ ಬೇರೆ. ಸಂಸ್ಕೃತದಲ್ಲಿ ‘ಶಕಲ’ ಎಂದರೆ ತುಂಡು, ಚೂರು. ಹೇಮಾವತಿಯ ದಂಡೆಯಲ್ಲಿರುವ ದೇವಸ್ಥಾನದ ಲಿಂಗ ಭಿನ್ನವಾಗಿತ್ತಂತೆ, ಅದಕ್ಕೇ ಅದು ಶಕಲೇಶ್ವರ, ಊರು ಶಕಲೇಶಪುರ, ಆಮೇಲೆ ಜನರ ಬಾಯಲ್ಲಿ ಸಕಲೇಶಪುರ. ಐಶ್ವರ್ಯದ ಅರ್ಥಕ್ಕಿಂತ ನನಗೆ ಈ ಚೂರಿನ ಅರ್ಥವೇ ಹಿಡಿಸುತ್ತದೆ. ಲೋಕದಲ್ಲಿ ಎಷ್ಟು ಊರುಗಳು ತಮ್ಮ ದೇವರ ಊನವನ್ನೇ ಹೆಸರಾಗಿ ಇಟ್ಟುಕೊಂಡಿವೆ ಹೇಳಿ?

ಮನೆಯೊಳಗಿನ ಕಾನೂನು ಮಾತ್ರ ಇದಕ್ಕೆ ತದ್ವಿರುದ್ಧ. ದೇವರ ಪಟದ ಗಾಜು ಒಡೆದರೆ ನಮ್ಮತ್ತೆ ಒಂದು ರಾತ್ರಿಯೂ ಅದನ್ನು ಗೂಡಿನಲ್ಲಿ ಇಡಲು ಬಿಡುತ್ತಿರಲಿಲ್ಲ. ಮಣ್ಣಿನ ಗೌರಿಯ ಕೈ ಮುಕ್ಕಾದರೆ ನೇರ ಹೊಳೆಗೆ. ‘ಭಿನ್ನವಾದದ್ದಕ್ಕೆ ಕೈ ಮುಗೀಬಾರದು ಕಣಮ್ಮ’ ಎನ್ನುತ್ತಿದ್ದ ಅವರೇ ಸೋಮವಾರ ಬಂದರೆ ಹಣ್ಣುಕಾಯಿ ಹಿಡಿದು ಶಕಲೇಶ್ವರನ ಗುಡಿಗೆ ಹೊರಡುತ್ತಿದ್ದರು. ನಾನು ಕೇಳಿದೆ, ಹೊಸದಾಗಿ ಬಂದ ಸೊಸೆಯ ಕುತೂಹಲದಿಂದಲೇ ಕೇಳಿದೆ. ‘ಅವನು ಊರಿಗೇ ದೊಡ್ಡೋನು, ಅವನಿಗೆ ನಡೀತದೆ’ ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ನನ್ನೊಳಗೆ ಅದು ಮುಗಿದಿರಲಿಲ್ಲ. ಮುರಿದದ್ದನ್ನು ಏನು ಮಾಡಬೇಕು? ಹೊಳೆಗೆ ಬಿಡಬೇಕೋ, ಹಾಗೇ ಇಟ್ಟುಕೊಳ್ಳಬೇಕೋ, ಅಂಟಿಸಿ ಸರಿಮಾಡಬೇಕೋ? ಮುರಿದದ್ದು ನಾವು ಪ್ರೀತಿಸುವವರ ಮೂರ್ತಿಯಾಗಿದ್ದರೆ ಉತ್ತರ ಸುಲಭ. ನಮಗೆ ಕೇಡು ಬಗೆದವರದಾಗಿದ್ದರೆ?

ಈ ಪ್ರಶ್ನೆಗೆ ರೂಪ ಬಂದದ್ದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ವಿಧಾನಸೌಧ, ಮ್ಯೂಸಿಯಂ ಎಲ್ಲ ಮುಗಿಸಿ, ಬಸ್ಸಿಗೆ ಕಾಯುತ್ತಾ ವಿಕ್ಟೋರಿಯಾ ರಾಣಿಯ ವಿಗ್ರಹದ ಹತ್ತಿರ ನಿಂತಿದ್ದೆವು. ರಾಣಿ ನಿಂತಿರುವ ಜಾಗವನ್ನು ನೋಡಿದ್ದೀರೋ ಇಲ್ಲವೋ. ಒಂದು ಕಡೆ ಮಹಾತ್ಮ ಗಾಂಧಿ ರಸ್ತೆ, ಇನ್ನೊಂದು ಕಡೆ ಕಸ್ತೂರಬಾ ರಸ್ತೆ. ಗಂಡಹೆಂಡಿರಿಬ್ಬರ ನಡುವೆ ಈಕೆ! ಹೆಸರಿಡುವಾಗ ಯಾರಾದರೂ ಇದನ್ನು ಗಮನಿಸಿದರೋ ಇಲ್ಲವೋ, ನನಗಂತೂ ಅಲ್ಲಿ ಪ್ರತಿಸಲವೂ ನಗು ಬರುತ್ತದೆ.

ಅಮೃತಶಿಲೆಯ ಮೂರ್ತಿ ಅದು. ಕೆತ್ತಿದವನು ಥಾಮಸ್ ಬ್ರಾಕ್ ಎಂಬ ಇಂಗ್ಲಿಷ್ ಶಿಲ್ಪಿ. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಎದುರಿಗಿರುವ ರಾಣಿಯ ದೊಡ್ಡ ಸ್ಮಾರಕವೂ ಅವನದೇ. ರಾಣಿ ತೀರಿಕೊಂಡದ್ದು 1901ರಲ್ಲಿ. ಸಾರ್ವಜನಿಕರಿಂದ ವಂತಿಗೆ ಎತ್ತಿ, ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರೂ ದೊಡ್ಡ ಮೊತ್ತ ಕೊಟ್ಟು, ವಿಗ್ರಹವನ್ನು ತರಿಸಲಾಯಿತು. 1906ರ ಫೆಬ್ರವರಿಯಲ್ಲಿ, ಮುಂದೆ ಐದನೇ ಜಾರ್ಜ್ ಆದ ಯುವರಾಜ ಬಂದು ಪರದೆ ಸರಿಸಿದ. ಮೂರ್ತಿ 11 ಅಡಿ, ಕೆಳಗಿನ ಕಲ್ಲಿನ ಪೀಠ 13 ಅಡಿ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಶಿಲುಬೆಯಿರುವ ಗೋಳ. ಆ ಬೆರಳು ಮುರಿದಿದೆ, ದಂಡ ಊನವಾಗಿದೆ, ಸರಿಮಾಡುವವರಿಲ್ಲ ಎಂದು ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ನಮ್ಮ ಮಕ್ಕಳ ಕಣ್ಣೂ ನೇರ ಆ ಕೈಗೇ ಹೋಯಿತು. ತೋಟದ ಲೈನ್ ಮನೆಯಿಂದ ಬರುವ ಒಬ್ಬ ಹುಡುಗಿ, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ, ನನ್ನ ಸೆರಗು ಹಿಡಿದು ಕೇಳಿದಳು: ‘ಮಿಸ್, ಇವರು ನಮಗೇನು ಮಾಡಿದ್ರು? ಇವರ ಬೆರಳು ನಾವ್ಯಾಕೆ ಸರಿಮಾಡ್ಬೇಕು?’

ಸಮಾಜ ವಿಜ್ಞಾನ ಹೇಳಿಕೊಡುವವಳು ನಾನು. ಇದ್ದಕ್ಕಿದ್ದಂತೆ ಹೇಳಲಿಕ್ಕೆ ನನ್ನ ಹತ್ತಿರ ಇದ್ದದ್ದು ಒಂದು ಇಸವಿ. 1877ರ ಜನವರಿ 1. ಅಂದು ದೆಹಲಿಯಲ್ಲಿ ದರ್ಬಾರು ನಡೆದು ಈ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ಅದೇ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ನಮ್ಮ ಕಡೆಯ ಮುದುಕಿಯರು ಪುಸ್ತಕವಿಲ್ಲದೆಯೇ ಹೇಳುತ್ತಿದ್ದರು. ಧಾತು ಸಂವತ್ಸರದ ಬರ. ಮುಂದಿನ ಈಶ್ವರ ಸಂವತ್ಸರಕ್ಕೂ ಅದು ನಿಲ್ಲಲಿಲ್ಲ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷದ 55 ಸಾವಿರ. ಹತ್ತು ವರ್ಷದ ಮೇಲೆ ಎಣಿಸಿದಾಗ 41 ಲಕ್ಷದ 86 ಸಾವಿರ. ಏರಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಇಳಿದಿತ್ತು. ಆ ಕಾಲದಲ್ಲಿ ಮೈಸೂರನ್ನು ಆಳುತ್ತಿದ್ದವರು ಮಹಾರಾಜರೂ ಅಲ್ಲ. 1831ರಿಂದ 1881ರವರೆಗೆ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲೇ ಆಡಳಿತ. ಆದ್ದರಿಂದ ‘ನಮಗೆ ಗೊತ್ತಿರಲಿಲ್ಲ’ ಎಂದು ಹೇಳುವಂತೆಯೂ ಇರಲಿಲ್ಲ.

ನಮ್ಮ ತಾಯಿಯ ಕಡೆಯವರು ಆ ಬರದಲ್ಲೇ ಬಯಲುಸೀಮೆ ಬಿಟ್ಟು ಆಲೂರಿನ ಕಡೆಗೆ ಹತ್ತಿ ಬಂದವರು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಐದು ಮಕ್ಕಳ ತಾಯಿ ಹೊರಡುತ್ತಾಳೆ, ಬೆಟ್ಟದ ಸೆರಗು ಮುಟ್ಟುವ ಹೊತ್ತಿಗೆ ಅವಳ ಜೊತೆ ಇದ್ದದ್ದು ಎರಡು. ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ‘ಮೇಲಕ್ಕೆ ಬಂದವ್ವ’ ಎಂದಷ್ಟೇ ಕರೆಯುತ್ತೇವೆ, ಮಾಳಪಕ್ಷದಲ್ಲಿ ಅವಳಿಗೊಂದು ಎಡೆ ಇಡುತ್ತೇವೆ. ಹೀಗಿರುವಾಗ ಅವಳ ಸಂತತಿಯವಳಾದ ನಾನು 11 ಅಡಿಯ ರಾಣಿಯ ಬೆರಳಿಗೆ ಮರುಗಬೇಕೇ?

ಊರಿಗೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದೆ. ಕನ್ನಡದ ಮೇಷ್ಟ್ರು ಒಂದೇ ಏಟಿಗೆ, ‘ತೆಗೆದು ಗೋಡೌನಿಗೆ ಹಾಕ್ಬೇಕು ಮೇಡಂ’ ಎಂದರು. ಡ್ರಾಯಿಂಗ್ ಮೇಷ್ಟ್ರಿಗೆ ಸಿಟ್ಟು ಬಂತು: ‘ಕಲ್ಲಲ್ಲಿ ರೇಷ್ಮೆ ಮಡಿಕೆ ಹಾಗೆ ಬೀಳಿಸೋದು ಸುಮ್ನೇನಾ? ಕೆತ್ತಿದವನ ಕೈಗಾದರೂ ಬೆಲೆ ಬೇಡ್ವಾ?’ ಗಣಿತದವರು ಮಾತ್ರ ಚಹಾ ಲೋಟ ಕೆಳಗಿಟ್ಟು, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರು.

ಈ ಕೊನೆಯ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ನಾನು ಮೊದಲು ಕೆಲಸ ಮಾಡಿದ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿರಲಿಲ್ಲ. ದೊಡ್ಡ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತಿದ್ದರು. ಆ ವರ್ಷ ದಾನಿಗಳಿಂದ ಬಂದ ಹಣ ಹೋದದ್ದು ಶಾಲೆಯ ಅಂಗಳದಲ್ಲಿ ಒಬ್ಬ ಮಹನೀಯರ ಎದೆಮಟ್ಟದ ಪ್ರತಿಮೆಗೆ. ಅನಾವರಣದ ದಿನ ಮಾಲೆ ಹಿಡಿದು ನಿಂತ ಹುಡುಗಿಯರ ಮುಖ ನನಗಿನ್ನೂ ನೆನಪಿದೆ. ಕಲ್ಲಿಗೆ ಕೊಟ್ಟ ಹಣ ಯಾರದೋ ಬಾಯಿಂದ ಕಿತ್ತದ್ದಾಗಿರಬಹುದು ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆದರೆ ಅದು ಹೊಸ ಪ್ರತಿಮೆ ನಿಲ್ಲಿಸುವವರಿಗೆ ಕೇಳಬೇಕಾದ ಪ್ರಶ್ನೆ. ನಿಂತಿರುವುದನ್ನು ನೋಡಿಕೊಳ್ಳುವುದು ಬೇರೆ ಮಾತು. ಹೊಸ ಮನೆ ಕಟ್ಟುವುದಕ್ಕೂ ಇರುವ ಮನೆಯ ಹೆಂಚು ಕೈಯಾಡಿಸುವುದಕ್ಕೂ ಇರುವಷ್ಟು ವ್ಯತ್ಯಾಸ.

ಬೆಂಗಳೂರು ಈ ವಿಷಯದಲ್ಲಿ ಒಂದೇ ದಾರಿ ಹಿಡಿದ ಊರಲ್ಲ. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿಯುವಾಗ ಸತ್ತ ಇಂಗ್ಲಿಷ್ ಸೈನಿಕರ ನೆನಪಿಗೆ ಒಂದು ಕಂಬ ಈಗಿನ ಕಾರ್ಪೊರೇಷನ್ ಕಚೇರಿಯ ಹತ್ತಿರ ಇತ್ತು. 1964ರಲ್ಲಿ ಅದನ್ನು ಕೆಡವಿಹಾಕಿದರು. ಕೋಟೆ ಕಾಯುತ್ತಾ ಸತ್ತ ನಮ್ಮವರಿಗಿಲ್ಲದ ಕಂಬ, ಹಿಡಿಯಲು ಬಂದವರಿಗೇಕೆ ಎಂದು ಕೇಳಿದರೆ ನ್ಯಾಯವೇ. ಆದರೂ ಕಂಬ ಹೋದ ಮೇಲೆ ಅಲ್ಲಿ ಯಾರು ಯಾರನ್ನು ಕೊಂದರು ಎಂಬ ಮಾತೂ ಹೋಯಿತು. ಈಗ ಆ ವೃತ್ತದಲ್ಲಿ ಹಸಿರು ದೀಪಕ್ಕೆ ಕಾಯುವ ಯಾರಿಗೆ 1791 ನೆನಪಾಗುತ್ತದೆ?

ಇನ್ನೊಂದು ದಾರಿ ಸರಿಸಿ ಇಡುವುದು. ಪಾರ್ಕಿಗೆ ಹೆಸರು ಕೊಟ್ಟ ಸರ್ ಮಾರ್ಕ್ ಕಬ್ಬನ್‌ನ ಕುದುರೆ ಸವಾರಿಯ ಕಂಚಿನ ವಿಗ್ರಹ ಬಹುಕಾಲ ಹೈಕೋರ್ಟಿನ, ಎಂದರೆ ಅಠಾರಾ ಕಚೇರಿಯ, ಮುಂದೆ ಇತ್ತು. ಬ್ಯಾರನ್ ಮರೊಕೆಟ್ಟಿ ಎಂಬ ಶಿಲ್ಪಿ ಮಾಡಿದ್ದು, 1866ರಲ್ಲಿ ನಿಲ್ಲಿಸಿದ್ದು. 2020ರಲ್ಲಿ ಅದನ್ನು ಅಲ್ಲಿಂದ ಎತ್ತಿ ಪಾರ್ಕಿನೊಳಗೆ ಮರಗಳ ನಡುವೆ ಇಟ್ಟರು. (ಪಾರ್ಕಿನ ಅಧಿಕೃತ ಹೆಸರು 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ, ಆಟೋದವರಿಗೆ ಹಾಗೆಂದು ಹೇಳಿ ನೋಡಿ, ‘ಎಲ್ಲಿ ಮೇಡಂ ಅದು?’ ಎನ್ನುತ್ತಾರೆ.) ಹೀಗೆ ಸರಿಸುವುದರಲ್ಲಿ ನನಗೆ ದೋಷ ಕಾಣುವುದಿಲ್ಲ. ನ್ಯಾಯ ಕೇಳಲು ಬಂದವರು ಮೊದಲು ಕಮಿಷನರನ ಕುದುರೆಯ ಗೊರಸಿನ ಕೆಳಗೆ ಹಾದುಹೋಗಬೇಕೇ? ನಡುಮನೆಯಲ್ಲಿದ್ದ ಹಳೆಯ ಕಪಾಟನ್ನು ಹಿತ್ತಿಲ ಕೋಣೆಗೆ ತಳ್ಳುವುದಿಲ್ಲವೇ, ಹಾಗೆ. ಒಡೆದು ಒಲೆಗಿಡಲಿಲ್ಲವಲ್ಲ.

ಕಬ್ಬನ್ ಎಂದರೆ ನಮ್ಮ ಬೆಟ್ಟದವರಿಗೆ ತೀರ ಹೊರಗಿನವನೂ ಅಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದವನು. ಕಾಫಿ ಬೆಳೆಯಲ್ಲಿ ಅರ್ಧಪಾಲು ಸರ್ಕಾರಕ್ಕೆ ಕೊಡಬೇಕಿದ್ದ ಪದ್ಧತಿ ಹೋಗಿ ಮಣಕ್ಕಿಷ್ಟು ಸುಂಕ ಎಂದಾದದ್ದು ಅವನ ಕಾಲದಲ್ಲಿ. ಘಟ್ಟದ ರಸ್ತೆಗಳಾದವು, ಮಂಜರಾಬಾದಿನ ಕಾಡಿಗೆ ಬಿಳಿಯ ಪ್ಲಾಂಟರುಗಳು ಬಂದರು, ನಮ್ಮ ಊರಿನ ಈಗಿನ ಚಹರೆ ಮೂಡತೊಡಗಿತು. ಅದಕ್ಕೂ ಮೊದಲು, 1802ರಲ್ಲಿ, ಇದೇ ಬೆಟ್ಟಗಳಲ್ಲಿ ಇಂಗ್ಲಿಷರಿಗೆ ತಲೆಬಾಗದ ಬಲಂ ಸೀಮೆಯ ವೆಂಕಟಾದ್ರಿ ನಾಯಕನನ್ನು ಆರ್ಥರ್ ವೆಲ್ಲೆಸ್ಲಿಯ ದಂಡು ಹಿಡಿದು ಗಲ್ಲಿಗೇರಿಸಿತ್ತು. ಒಂದೇ ಮಣ್ಣಿನಲ್ಲಿ ಗಲ್ಲಿನ ಮರವೂ ಬೆಳೆಯಿತು, ಕಾಫಿ ಗಿಡವೂ ಬೆಳೆಯಿತು. ನಾನು ಬೆಳಿಗ್ಗೆ ಎದ್ದು ಕುಡಿಯುವ ಲೋಟದಲ್ಲಿ ಈ ಎರಡನ್ನೂ ಬೇರೆ ಮಾಡಿ ಸೋಸುವುದು ಹೇಗೆಂದು ನನಗೆ ತಿಳಿಯದು.

ಇಷ್ಟೆಲ್ಲ ಯೋಚಿಸುವಾಗ ನೆನಪಾದವರು ನಮ್ಮ ಚಿಕ್ಕಮ್ಮ. ಅವರ ಅತ್ತೆ ಸಾಮಾನ್ಯದ ಹೆಂಗಸಾಗಿರಲಿಲ್ಲ. ಬಾಣಂತನದಲ್ಲಿ ಚಿಕ್ಕಮ್ಮನಿಗೆ ತಣ್ಣನೆಯ ಅನ್ನ ಹಾಕಿದವರು, ತವರಿನಿಂದ ಬಂದ ಕಾಗದವನ್ನು ಒಲೆಗೆ ಹಾಕಿದವರು. ಕೊನೆಗೆ ಪಾರ್ಶ್ವವಾಯು ಬಡಿದು ಮೂರು ವರ್ಷ ಹಾಸಿಗೆ ಹಿಡಿದಾಗ ಹೆಣ್ಣುಮಕ್ಕಳೂ ಬರಲಿಲ್ಲ, ಇನ್ನಿಬ್ಬರು ಸೊಸೆಯರೂ ಬರಲಿಲ್ಲ. ಚಿಕ್ಕಮ್ಮನೇ ದಿನಾ ಬಿಸಿನೀರಿನಲ್ಲಿ ಮೈ ಒರೆಸಿ, ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಿ ನೋಡಿಕೊಂಡರು. ಊರವರೆಲ್ಲ ‘ಎಂಥಾ ದೊಡ್ಡ ಮನಸ್ಸು, ಎಲ್ಲಾ ಮರೆತುಬಿಟ್ಟಳು’ ಎಂದು ಹೊಗಳಿದರು. ಒಂದು ದಿನ ನಾನೂ ಅದನ್ನೇ ಹೇಳಿದಾಗ ಚಿಕ್ಕಮ್ಮ ಬಟ್ಟೆ ಹಿಂಡುತ್ತಿದ್ದವರು ತಲೆಯೆತ್ತಿ, ‘ಮರೆಯೋದೆಲ್ಲಿ ಬಂತೆ? ಕ್ಷಮಿಸೋದು ಬೇರೆ, ಮೈ ತೊಳಿಸೋದು ಬೇರೆ ಕಣೆ. ನಾನು ತೊಳಿಸ್ತೀನಿ ಅಷ್ಟೆ’ ಎಂದರು. ಅತ್ತೆಯ ತಿಥಿಯ ದಿನವೂ ಅವರು ಆ ತಣ್ಣನ್ನದ ಕಥೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಈ ಮಾತು ಹೊಳೆದ ಮೇಲೆ ನನಗೆ ಅರ್ಧ ದಾರಿ ಕಂಡಿತು. ವಿಗ್ರಹವನ್ನು ರಿಪೇರಿ ಮಾಡುವುದೆಂದರೆ ಅದರ ಮುಂದೆ ಅಡ್ಡಬೀಳುವುದು ಎಂದು ನಾವು ಭಾವಿಸುತ್ತೇವೆ. ಹಾಗೇನಿಲ್ಲ. ಮೈ ತೊಳೆಸುತ್ತಲೇ ಲೆಕ್ಕವನ್ನೂ ಇಟ್ಟುಕೊಳ್ಳಬಹುದು.

ಅರ್ಧ ದಾರಿ ಎಂದೆ. ಏಕೆಂದರೆ ಚಿಕ್ಕಮ್ಮನ ಅತ್ತೆಗೆ ನೋವಾಗುತ್ತಿತ್ತು, ಕಲ್ಲಿಗೆ ನೋವಿಲ್ಲ. ಬೆರಳು ಮುರಿದರೆ ವಿಕ್ಟೋರಿಯಾ ರಾಣಿಗೆ ಆಗುವುದೇನೂ ಇಲ್ಲ. ಹಾಗಾದರೆ ಈ ಋಣ ಯಾರಿಗೆ? ನನ್ನ ಮಟ್ಟಿಗೆ ಅದು ಮೇಲಕ್ಕೆ ಬಂದವ್ವನಿಗೆ. ಬರದಲ್ಲಿ ಸತ್ತವರಿಗೆ ನಿಲ್ಲಿಸಿದ ಕಲ್ಲನ್ನು ನಾನು ಎಲ್ಲಿಯೂ ಕಂಡಿಲ್ಲ. ಅವರ ಕಥೆಯನ್ನು ಹೇಳಲು ಆ ಪಾರ್ಕಿನಲ್ಲಿ ಉಳಿದಿರುವ ಸಾಕ್ಷಿ ಎಂದರೆ ಈ ರಾಣಿಯೇ. ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಪ್ರಶ್ನೆ ಕೇಳಬೇಕಾದರೆ ಅವನು ಎದುರಿಗಿರಬೇಕಲ್ಲ. ರಾಣಿ ಅಲ್ಲಿ ನಿಂತಿದ್ದಕ್ಕೇ ಆ ಹುಡುಗಿ ನನ್ನ ಸೆರಗು ಹಿಡಿದು ಕೇಳಿದ್ದು. ಪುಸ್ತಕದಲ್ಲಿ 1877ನ್ನು ನಾನು ಎಷ್ಟು ವರ್ಷ ಪಾಠ ಮಾಡಿದ್ದೇನೆ, ಒಬ್ಬರೂ ಕೇಳಿರಲಿಲ್ಲ.

ಇನ್ನು ಸರಿಮಾಡುವುದು ಹೇಗೆ ಎಂಬುದರಲ್ಲೂ ಒಂದು ನೀತಿ ಇದೆ, ಅದನ್ನು ಹೆಂಗಸರಾದ ನಮಗೆ ಬೇಗ ತಿಳಿಸಬಹುದು. ರೇಷ್ಮೆ ಸೀರೆ ಹರಿದರೆ ಒಳ್ಳೆಯ ರಫೂ ಮಾಡುವವನು ಎಳೆಗೆ ಎಳೆ ಸೇರಿಸುತ್ತಾನೆ; ಅವಸರದವನು ಮೇಲೊಂದು ತೇಪೆ ಹಾಕಿ ಕೈತೊಳೆದುಕೊಳ್ಳುತ್ತಾನೆ. ಕಲ್ಲಿಗೆ ಸಿಮೆಂಟು ಮೆತ್ತುವುದು ತೇಪೆಯ ಕೆಲಸ. ಒಳಗೆ ಕಬ್ಬಿಣದ ಸರಳು ಇಟ್ಟು ಜೋಡಿಸಿದರೆ ಅದು ತುಕ್ಕು ಹಿಡಿದು ಉಬ್ಬಿ, ಗಟ್ಟಿಯಿದ್ದ ಕಲ್ಲನ್ನೂ ಸೀಳುತ್ತದೆ. ಅದಕ್ಕೇ ತುಕ್ಕು ಹಿಡಿಯದ ಉಕ್ಕನ್ನು ಬಳಸುತ್ತಾರೆ. ಅಮೃತಶಿಲೆಗೆ ಆಸಿಡ್ ಎಂದರೆ ವಿಷ. ನಿಂಬೆಹಣ್ಣು ಬಿದ್ದ ಕಡಪ ಕಲ್ಲಿನ ಅಡಿಗೆಕಟ್ಟೆ ಹೇಗೆ ಮಂಕಾಗುತ್ತದೆ, ನೋಡಿದ್ದೀರಲ್ಲ; ವಾಹನದ ಹೊಗೆ ಮಳೆನೀರಿಗೆ ಸೇರಿ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ತಿಳಿದವರು ಶುದ್ಧ ನೀರು, ಮೆತ್ತನೆಯ ಬ್ರಷ್ಷು, ಕೊಳೆ ಹೀರುವ ಲೇಪ ಇಷ್ಟರಲ್ಲೇ ತಾಳ್ಮೆಯಿಂದ ತೊಳೆಯುತ್ತಾರೆ. ಕಂಚಿನ ಮೇಲಿನ ಹಸಿರು ಪದರವನ್ನು ಕೊಳೆಯೆಂದು ತಿಳಿದು ಹುಣಸೆಹಣ್ಣು ಹಾಕಿ ಉಜ್ಜಿದರೆ ಕೆಟ್ಟಿತು. ಅದು ಬಹುಮಟ್ಟಿಗೆ ಲೋಹ ತಾನೇ ಹೊದ್ದುಕೊಂಡ ಶಾಲು. ಅದನ್ನು ಉಳಿಸಿ ಮೇಲೆ ತೆಳ್ಳಗೆ ಮೇಣ ಸವರುತ್ತಾರೆ.

ಎಲ್ಲಕ್ಕಿಂತ ದೊಡ್ಡ ನಿಯಮ, ಗೊತ್ತಿಲ್ಲದ್ದನ್ನು ಊಹಿಸಿ ಕೆತ್ತಬಾರದು ಎಂಬುದು. ಸ್ಮಾರಕಗಳ ಬಗ್ಗೆ ವೆನಿಸ್ ನಗರದಲ್ಲಿ ತಜ್ಞರೆಲ್ಲ ಸೇರಿ ಒಪ್ಪಿದ ಸನ್ನದು ಇದನ್ನೇ ಹೇಳುತ್ತದೆ. ಅದೂ 1964ರದ್ದೇ, ಬೆಂಗಳೂರಿನಲ್ಲಿ ಆ ಕಂಬ ಬಿದ್ದ ವರ್ಷ! ಹಳೇಬೀಡಿಗೆ ಹೋದಾಗ ಮೂಗಿಲ್ಲದ, ಕೈಯಿಲ್ಲದ ದೇವತೆಯರನ್ನು ನೋಡಿ ಮಕ್ಕಳು ‘ಹೊಸದು ಮಾಡಿ ಅಂಟಿಸಬಾರದಾ?’ ಎನ್ನುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವಲ್ಲ, ಸೇರಿದ್ದು ಆ ಮುರಿದ ಮೂಗುಗಳ ಸಮೇತವೇ. ಹೊಸ ಮೂಗು ಅಂಟಿಸಿದರೆ ಅದು ನಮ್ಮ ಮೂಗಾಗುತ್ತದೆಯೇ ಹೊರತು ಹೊಯ್ಸಳರದ್ದಲ್ಲ.

ತುಂಡುಗಳೇ ಸಿಕ್ಕಿದರೆ ಮಾತು ಬೇರೆ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಿಂದ ಒಳಗಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ನೋಡದವರು ನೋಡಿ ಬನ್ನಿ. ಹನ್ನೆರಡನೇ ಶತಮಾನದ ಆರಂಭದ್ದು, ಕೆರೆಯ ದಂಡೆಯ ಮೇಲೆ ನಾಲ್ಕು ಗರ್ಭಗುಡಿಗಳು, ಕಾಳಿಯ ಬಾಗಿಲಲ್ಲಿ ಎಲುಬಿನ ಹಂದರದಂಥ ಎರಡು ಬೇತಾಳಗಳು. ಒಬ್ಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ್ದು. 2020ರ ನವೆಂಬರಿನಲ್ಲಿ ಅಲ್ಲಿಯ ಕಾಳಿಯ ಮೂರ್ತಿ ತುಂಡುತುಂಡಾಗಿ ಬಿದ್ದಿರುವುದು ಕಂಡುಬಂದಾಗ ಜಿಲ್ಲೆಗೆ ಜಿಲ್ಲೆಯೇ ಮರುಗಿತು. ಆಮೇಲೆ ಪುರಾತತ್ವ ಇಲಾಖೆಯವರು ಆ ತುಂಡುಗಳನ್ನೇ ಜೋಡಿಸಿ ಮತ್ತೆ ಕೂರಿಸಿದರು. ಭಿನ್ನವಾಯಿತೆಂದು ಹೊಳೆಗೆ ಬಿಡಲಿಲ್ಲ, ಹೊಸದನ್ನು ಮಾಡಿಸಿ ತಂದು ಹಳೆಯದೆಂದು ನಂಬಿಸಲೂ ಇಲ್ಲ. ನಮ್ಮತ್ತೆ ಬದುಕಿದ್ದರೆ ಏನನ್ನುತ್ತಿದ್ದರೋ. ‘ಅವಳೂ ದೊಡ್ಡೋಳು, ನಡೀತದೆ’ ಎನ್ನುತ್ತಿದ್ದರು ಎಂದು ನನ್ನ ಎಣಿಕೆ.

ರಾಣಿಯ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟು. ಮೈ ತೊಳೆಯಲಿ, ಬಿರುಕಿದ್ದರೆ ಹೆಚ್ಚದಂತೆ ತಡೆಯಲಿ, ಮುರಿದ ಚೂರು ಸಿಕ್ಕರೆ ಜೋಡಿಸಲಿ. ಸಿಗದಿದ್ದರೆ ಹೊಸ ರಾಜದಂಡ ಮಾಡಿಸಿ ಕೈಗೆ ಕೊಡುವುದು ಬೇಡ. ಆ ದಂಡ ಒಮ್ಮೆ ನಮ್ಮ ಮೇಲೆ ಆಡಿದ್ದು ಸಾಕು. ಪೀಠದ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಫಲಕ ಇರಲಿ: ಕೆತ್ತಿದವನು ಯಾರು, ದುಡ್ಡು ಕೊಟ್ಟವರು ಯಾರು, ಈಕೆ ಚಕ್ರವರ್ತಿನಿಯಾದ ವರ್ಷ ಇಲ್ಲಿ ಏನು ನಡೆದಿತ್ತು.

ಕನ್ನಡದ ಮೇಷ್ಟ್ರು ಇದಕ್ಕೆ ಒಪ್ಪಿಲ್ಲ. ‘ಬೋರ್ಡು ಓದೋರು ಯಾರು ಮೇಡಂ? ಕಣ್ಣಿಗೆ ಕಾಣೋದು 24 ಅಡಿ ಎತ್ತರ’ ಎನ್ನುತ್ತಾರೆ. ಆ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಎತ್ತರಕ್ಕೆ ಅದರದೇ ಒಂದು ಭಾಷೆ ಇದೆ. ಕೆಳಗೆ ನಿಂತವರ ಕತ್ತನ್ನು ಅದು ತಾನೇ ಹಿಂದಕ್ಕೆ ಬಾಗಿಸುತ್ತದೆ. ಆದರೂ ಆ ವಾರದ ಪಾಠಕ್ಕೆ ಇದನ್ನೇ ಅಭ್ಯಾಸವಾಗಿ ಕೊಟ್ಟೆ. ಆ ಫಲಕದಲ್ಲಿ ಏನು ಬರೆಯಬೇಕು, ಐದು ಸಾಲು ಮೀರಬಾರದು.

ಬಹಳ ಮಕ್ಕಳು ರಾಣಿಯ ಹುಟ್ಟಿದ ದಿನಾಂಕ ಬರೆದರು, ಗೈಡಿನಲ್ಲಿ ಇದ್ದದ್ದು. ಒಬ್ಬ ಹುಡುಗ ‘ಮುಟ್ಟಬಾರದು, ದಂಡ ವಿಧಿಸಲಾಗುವುದು’ ಎಂದು ಬರೆದು ಐದು ಸಾಲನ್ನೂ ಅದಕ್ಕೇ ಖರ್ಚು ಮಾಡಿದ್ದ. ಲೈನ್ ಮನೆಯ ಹುಡುಗಿ ಎರಡೇ ಸಾಲು ಬರೆದು ಪೆನ್ನು ಕಚ್ಚುತ್ತಾ ಕೂತಿದ್ದಳು. ಸಂಸ್ಥಾನದ ಜನಸಂಖ್ಯೆ ಎಷ್ಟು ಇಳಿಯಿತು ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದಳು. ಬ್ಯಾಂಕಿನ ಚಲನ್ ಬರೆಯುವ ಹಾಗೆ. ಹತ್ತಿರ ಹೋದಾಗ ಕೇಳಿದಳು:

‘ಮಿಸ್, ಇವರ ಹೆಸರುಗಳು ಗೊತ್ತಿಲ್ಲ ಅಂತ ಬರೀಬಹುದಾ?’

ಬರಿ ಎಂದೆ.